ಸೆನ್‌ಗೆ ಇಟ್ಟ ಎಡೆ

ಸರ್ಕಾರದವರು ಸುಳ್ಳು ಹೇಳುವಾಗ ದನಿ ಏರಿಸುವುದಿಲ್ಲ. ಇದನ್ನು ನಾನು ಕಲಿತದ್ದು ಹಾಂಗ್‌ಕಾಂಗ್ ಬಳಿಯ ಒಂದು ನಡುಗಡ್ಡೆಯ ನಿರಾಶ್ರಿತರ ಕ್ಯಾಂಪಿನಲ್ಲಿ. ನಾನು ಹಾಯ್‌ಫಾಂಗ್ ಬಂದರಿನ ಧಕ್ಕೆಯಲ್ಲಿ ಮೀನು ಮಾರಿ ಬದುಕಿದವಳು. ನಿನ್ನೆಯ ಮೀನನ್ನು ಇವತ್ತಿನದು ಎಂದು ಒಪ್ಪಿಸಬೇಕಾದರೆ ಗಂಟಲು ಹರಿಯುವ ಹಾಗೆ ಕೂಗಬೇಕು, ದೇವರ ಮೇಲೆ ಆಣೆ ಪ್ರಮಾಣವನ್ನೂ ಮಾಡಬೇಕು. ಕ್ಯಾಂಪಿನ ಧ್ವನಿವರ್ಧಕಕ್ಕೆ ಆ ಕಷ್ಟವಿರಲಿಲ್ಲ. ಅದು ಮೆತ್ತಗೆ 'ದಯವಿಟ್ಟು ಗಮನಿಸಿ' ಎಂದು ಶುರುಮಾಡಿ, ನಮ್ಮ ಕಣ್ಣೆದುರೇ ನಡೆದದ್ದನ್ನು ನಡೆದೇ ಇಲ್ಲ ಎಂದು ಹೇಳಿ ಮುಗಿಸುತ್ತಿತ್ತು.

ಆ ದನಿ ದಾಮ್ ಮೇಷ್ಟ್ರದು. ಹೊರಗಿನವರೇನಲ್ಲ, ನಮ್ಮ ಹಾಗೆಯೇ ದೋಣಿ ಹತ್ತಿ ಬಂದವರು. ಊರಿನಲ್ಲಿ ಶಾಲೆ ಮೇಷ್ಟ್ರಾಗಿದ್ದರು, ಇಂಗ್ಲಿಷ್ ಬರುತ್ತಿತ್ತು. ಹಾಗಾಗಿ ಕ್ಯಾಂಪಿನ ಆಫೀಸಿನವರು ಅವರನ್ನು ದುಭಾಷಿ ಮಾಡಿಕೊಂಡಿದ್ದರು. ನೀರಿನ ದೋಣಿ ಯಾವಾಗ ಬರುತ್ತದೆ, ಆಶ್ರಯ ಕೊಡಬೇಕೋ ಬೇಡವೋ ಎಂಬ ವಿಚಾರಣೆಗೆ ಯಾರನ್ನು ಕರೆದಿದ್ದಾರೆ, ಏನೇನು ಮಾಡಬಾರದು, ಎಲ್ಲವನ್ನೂ ಸಂಜೆ ಅವರೇ ಓದುತ್ತಿದ್ದರು. ಅವರ ದನಿಯೂ ಅನ್ನದ ಗಾಡಿಯೂ ಒಟ್ಟಿಗೇ ಬರುತ್ತಿದ್ದವು. ಮಕ್ಕಳಿಗಂತೂ ಮೇಷ್ಟ್ರ ದನಿ ಕೇಳಿದರೆ ಹಸಿವಾಗುತ್ತಿತ್ತು.

ನಮ್ಮದು ತಗಡಿನ ಗುಡಾರ. ಒಳಗೆ ಮೂರು ಅಂತಸ್ತಿನ ಕಬ್ಬಿಣದ ಮಂಚಗಳು, ಒಂದು ಅಂತಸ್ತಿಗೆ ಒಂದು ಸಂಸಾರ. ಕೆಳಗಿನದರಲ್ಲಿ ನಾನೊಬ್ಬಳೇ. ನನ್ನ ಮೇಲಿನದರಲ್ಲಿ ಲಾಯ್ ಮತ್ತು ಅವಳ ನಾಲ್ಕು ವರ್ಷದ ಮಗಳು ಸೆನ್. ಲಾಯ್ ನಮ್ಮ ಓಣಿಯ ಹುಡುಗಿಯೇ, ನನ್ನನ್ನು ಅತ್ತೆ ಎನ್ನುತ್ತಿದ್ದಳು. ದೋಣಿಯಲ್ಲಿ ಜಾಗ ಸಿಕ್ಕಿದ್ದು ತಾಯಿ-ಮಗಳಿಗೆ ಮಾತ್ರ. ಗಂಡ ತ್ವಾನ್, ಹಾಸಿಗೆ ಹಿಡಿದಿದ್ದ ತನ್ನ ತಾಯಿಯ ಜೊತೆ ಉಳಿದುಕೊಂಡ. ಮಗಳನ್ನು ಎತ್ತಿ ದೋಣಿಗೆ ದಾಟಿಸಿದವನು ಅವನೇ. ಅವಳನ್ನು ಈ ಕಡೆಯಿಂದ ಹಿಡಿದುಕೊಂಡವಳು ನಾನು. ಆ ಮಗು ಹೇಗಿತ್ತು ಎಂದು ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ಸಮುದ್ರದ ಮೇಲೆ ದೊಡ್ಡವರೆಲ್ಲ ವಾಂತಿ ಮಾಡಿಕೊಂಡು ಮಲಗಿದ್ದರೆ ಸೆನ್ ನನ್ನ ಒಣ ಸ್ಕ್ವಿಡ್ ಮೀನು ಕಿತ್ತುಕೊಂಡು ತಿಂದು, ಇನ್ನೂ ಇದೆಯಾ ಎಂದು ಕೇಳಿದ್ದಳು.

ಕ್ಯಾಂಪಿನ ನೀರು ನೀಲಿ ಡ್ರಮ್ಮುಗಳಲ್ಲಿ ಇರುತ್ತಿತ್ತು. ಬೇಸಿಗೆ ಏರಿದ ಹಾಗೆ ತಳದಲ್ಲಿ ಲೋಳೆ ಕಟ್ಟುತ್ತಿತ್ತು. ಅದನ್ನೇ ಕುಡಿಯಬೇಕು, ಕಾಯಿಸಲು ಒಲೆ ಹಚ್ಚುವಂತಿಲ್ಲ. ಆ ವರ್ಷ ಮೂರನೇ ತಿಂಗಳಲ್ಲಿ, ಅಂದರೆ ನಮ್ಮ ಚಾಂದ್ರಮಾನದ ಮೂರನೇ ತಿಂಗಳಲ್ಲಿ, ಮಕ್ಕಳಿಗೆಲ್ಲ ಭೇದಿ ಹಿಡಿಯಿತು. ಸೆನ್ ಬೆಳಿಗ್ಗೆ ಮಾತಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದಿತ್ತು. ಲಾಯ್ ಅವಳನ್ನು ಹೆಗಲಿಗೆ ಹಾಕಿಕೊಂಡು ಗೇಟಿಗೆ ಓಡಿದಳು. ಆಸ್ಪತ್ರೆಯ ಕೋಣೆ ಗೇಟಿನ ಆಚೆಗಿತ್ತು, ಇಲ್ಲಿಂದ ಅದರ ಬಾಗಿಲು ಕಾಣುತ್ತಿತ್ತು, ಬಾಗಿಲಲ್ಲಿ ನರ್ಸಮ್ಮ ನಿಂತಿದ್ದೂ ಕಾಣುತ್ತಿತ್ತು.

ಆದರೆ ಅದು ತಲೆ ಎಣಿಸುವ ಹೊತ್ತು. ಎಣಿಕೆ ಸರಿಹೊಂದುವವರೆಗೆ ಗೇಟು ತೆರೆಯುವ ಹಾಗಿಲ್ಲ. ನಮ್ಮನ್ನೆಲ್ಲ ಗುಡಾರದ ಮುಂದೆ ಸಾಲಾಗಿ ಕೂರಿಸಿ ಎಣಿಸಿದರು. ಕಮ್ಮಿ ಬಂತು. ಮತ್ತೆ ಎಣಿಸಿದರು. ಮತ್ತೆ ಕಮ್ಮಿ. ಕಮ್ಮಿ ಬಂದದ್ದು ಯಾರು ಎಂದು ನಾನು ಕೂತಲ್ಲಿಂದಲೇ ಕೂಗಿ ಹೇಳಿದೆ, ಗೇಟಿನ ಹತ್ತಿರ ಕೈ ತೋರಿಸಿದೆ. ಕಾವಲಿನವನಿಗೆ ನನ್ನ ಭಾಷೆ ಬರುತ್ತಿರಲಿಲ್ಲ, ಬಾಯಿ ಮುಚ್ಚು ಎಂದು ಸನ್ನೆ ಮಾಡಿದ. ಗೇಟಿನವನು ಲಾಯ್‌ಗೆ ಎಣಿಕೆ ಮುಗಿಯಲಿ ಎಂದು ಸನ್ನೆ ಮಾಡುತ್ತಿದ್ದ. ಗೇಟಿನಲ್ಲಿದ್ದ ಇಬ್ಬರು ಸಾಲಿನಲ್ಲಿಲ್ಲದ್ದರಿಂದ ಎಣಿಕೆ ಮುಗಿಯಲಿಲ್ಲ, ಎಣಿಕೆ ಮುಗಿಯದ್ದರಿಂದ ಗೇಟು ತೆರೆಯಲಿಲ್ಲ. ಕೊನೆಗೆ ತೆರೆದಾಗ ಸೆನ್ ಹೋಗಿಬಿಟ್ಟಿದ್ದಳು.

ಇದನ್ನು ಆ ನರ್ಸಮ್ಮ ಸುಮ್ಮನೆ ನುಂಗಿಕೊಳ್ಳಲಿಲ್ಲ. ಅವಳು ದೂರದ ದೇಶದಿಂದ ಸೇವೆಗೆಂದು ಬಂದವಳು. ಪಟ್ಟಣಕ್ಕೆ ಹೋಗಿ ಪತ್ರಿಕೆಯವರಿಗೆ ಹೇಳಿದಳು. ನೀರಿನ ಡ್ರಮ್ಮು, ತಲೆ ಎಣಿಕೆ, ಗೇಟು, ಎಲ್ಲ ಅಚ್ಚಾಯಿತು. ಗಲಾಟೆಯೂ ಆಯಿತು. ಆಮೇಲೆ ಬಂತು ಮೊದಲನೆಯ ಸರ್ಕಾರಿ ಉತ್ತರ. ಮೇಷ್ಟ್ರು ಅದನ್ನು ಸಂಜೆ ಓದಿದರು. ಮಗುವು ಸಮುದ್ರಯಾನಕ್ಕೆ ಮೊದಲೇ ಕಾಯಿಲೆಯಿಂದ ಬಳಲುತ್ತಿತ್ತೆಂದು ತಿಳಿದುಬಂದಿದೆ, ತಾಯಿಯು ಅದನ್ನು ಅಧಿಕಾರಿಗಳ ಗಮನಕ್ಕೆ ತಂದಿರಲಿಲ್ಲ, ಕ್ಯಾಂಪಿನಲ್ಲಿ ವೈದ್ಯಕೀಯ ಸೌಲಭ್ಯ ಎಲ್ಲ ಹೊತ್ತಿನಲ್ಲೂ ಲಭ್ಯವಿದೆ. ಲಾಯ್ ಮಂಚದ ಮೇಲೆ ಮಗಳ ಅಂಗಿ ಮಡಚುತ್ತಿದ್ದವಳು ಅದನ್ನು ಮತ್ತೆ ಬಿಡಿಸಿದಳು, ಮತ್ತೆ ಮಡಚಿದಳು.

ನಮ್ಮೊಳಗೇ ಇರುವ ಮಾತಾಗಿದ್ದರೆ ಹಾಳಾಗಿಹೋಗಲಿ ಎನ್ನಬಹುದಿತ್ತು. ಆದರೆ ನಮ್ಮ ಭಾಷೆಯ ವಿದೇಶಿ ರೇಡಿಯೊ ಅದನ್ನು ಹಾಗೆಯೇ ಓದಿತು. ನಮ್ಮೂರಿನಲ್ಲಿ ಆ ರೇಡಿಯೊವನ್ನು ಕದ್ದು ಕೇಳದ ಮನೆಯಿಲ್ಲ. ಮಳೆಗಾಲ ಕಳೆದ ಮೇಲೆ ನಮ್ಮ ಓಣಿಯಿಂದಲೇ ಒಂದು ದೋಣಿ ಬಂತು. ಅದರಲ್ಲಿ ಬಂದವರು ತ್ವಾನ್ ಹೇಳಿ ಕಳಿಸಿದ್ದನ್ನು ಲಾಯ್‌ಗೆ ಮುಟ್ಟಿಸಿದರು. ಅವನು ಕೇಳಿದ್ದು ಒಂದೇ ಮಾತು: ಹುಷಾರಿಲ್ಲದ ಮಗುವನ್ನು ನನ್ನಿಂದ ಮುಚ್ಚಿಟ್ಟು ಕರೆದುಕೊಂಡು ಹೋದೆಯಾ.

ಅವತ್ತಿನಿಂದ ಲಾಯ್‌ಗೆ ಬೇಕಾಗಿದ್ದದ್ದು ಒಂದೇ. ಆಶ್ರಯ ಕೊಡುವ ಮೂರನೇ ದೇಶ ಬೇಡ, ಹೊಸ ಮನೆ ಬೇಡ. ಆ ಸುಳ್ಳನ್ನು ಹೇಳಿದವರೇ ಬಾಯಿಬಿಟ್ಟು ಮಗು ಗೇಟಿನಲ್ಲಿ ಸತ್ತಿತು ಎನ್ನಬೇಕು, ಅದು ರೇಡಿಯೊದಲ್ಲಿ ಬರಬೇಕು, ತ್ವಾನ್ ಕೇಳಬೇಕು. ನಾನು ಬರೆಯಿಸಿ ಕಳಿಸಿದರೆ ಸಾಲದೇ ಎಂದೆ. ಸಾಲದು ಎಂದಳು. ಹೆಂಡತಿ ತನ್ನ ತಪ್ಪು ಮುಚ್ಚಲು ಏನನ್ನಾದರೂ ಬರೆಯುತ್ತಾಳೆ ಎಂದುಕೊಳ್ಳುತ್ತಾನಂತೆ.

ಮರುವರ್ಷ ಸೆನ್‌ಳ ಮೊದಲ ತಿಥಿ ಬಂತು. ಗುಡಾರದ ಮುದುಕರು ಮೊದಲು ಗೊಣಗಿದರು. ಅಷ್ಟು ಸಣ್ಣ ಮಗುವಿಗೆ ತಿಥಿ ಮಾಡುವ ಪದ್ಧತಿಯಿಲ್ಲ, ಹೆತ್ತವಳು ಮಗುವಿಗೆ ಕೈಮುಗಿಯುವಂತಿಲ್ಲ, ತಲೆಗೆ ಬಿಳಿ ಬಟ್ಟೆ ಕಟ್ಟುವಂತಿಲ್ಲ ಎಂದರು. ಕೈಮುಗಿಯಬೇಡ, ಬಿಳಿ ಕಟ್ಟಬೇಡ, ಹೊಟ್ಟೆ ತುಂಬ ಬಡಿಸಿದರೆ ಯಾವ ಶಾಸ್ತ್ರ ಅಡ್ಡ ಬರುತ್ತದೆ ಎಂದು ನಾನು ಜಗಳ ಕಾದೆ. ಆಮೇಲೆ ಅವರೇ ಮುಂದೆ ನಿಂತರು. ಹಿಂದಿನ ದಿನ ಊಟದ ಗಾಡಿಯಲ್ಲಿ ತಲೆಗೊಂದು ಚೂರು ಕೋಳಿ ಬಂದಿತ್ತು. ಗುಡಾರದ ಅಷ್ಟೂ ಜನ ತಮ್ಮ ಚೂರನ್ನು ತಿನ್ನದೆ ತಂದು ಲಾಯ್ ಎದುರು ಇಟ್ಟರು. ವಾರಕ್ಕೊಂದು ಕಿತ್ತಳೆ ಸಿಗುತ್ತಿದ್ದ ಮಕ್ಕಳು ಕಿತ್ತಳೆ ಕೊಟ್ಟರು. ಒಬ್ಬ ಮಾತ್ರ ಅರ್ಧ ಸುಲಿದಿದ್ದನ್ನು ತಂದು ಕೊಟ್ಟ, ತಡೆಯಲಾರದೆ ಮೂಸಿ ನೋಡಿದ್ದನಂತೆ.

ಅದೇ ದಿನ ಪರಿಶೀಲನೆಯ ತಂಡವೂ ಬರುವುದಿತ್ತು. ಪತ್ರಿಕೆಯ ಗಲಾಟೆ ಇನ್ನೂ ಆರಿರಲಿಲ್ಲ, ಹಾಗಾಗಿ ದೊಡ್ಡ ಸಾಹೇಬರೊಬ್ಬರು ಕಣ್ಣಾರೆ ನೋಡಲು ಬರುತ್ತಾರೆ ಎಂದಿದ್ದರು. ಬೆಳಿಗ್ಗೆ ಮೇಷ್ಟ್ರು ನಮ್ಮ ಗುಡಾರಕ್ಕೆ ಬಂದರು. ಹಿತವಾಗಿಯೇ ಹೇಳಿದರು. ಇವತ್ತು ನೆಲ ಉಜ್ಜಬೇಡಿ, ತಟ್ಟೆ ಇಡಬೇಡಿ, ಡ್ರಮ್ಮಿನ ನೀರು ಎದ್ದು ಕಾಣುವ ಹಾಗೆ ಬಿಡಿ, ಇಲ್ಲಿನ ಕೊಳಕು ಅವರ ಕಣ್ಣಿಗೆ ಬೀಳಲಿ, ತಿಥಿಯನ್ನು ನಾಳೆ ಮಾಡಿ ಎಂದರು. ಮೇಷ್ಟ್ರಾದವರಿಗೆ ಇಷ್ಟೂ ಗೊತ್ತಾಗಬೇಡವೇ. ಸತ್ತವರು ತಮ್ಮ ದಿನಕ್ಕೆ ಬರುತ್ತಾರೆ, ನಮ್ಮ ಅನುಕೂಲಕ್ಕಲ್ಲ. ಬಂದಾಗ ಮನೆ ಕೊಳಕಾಗಿದ್ದರೆ ತಿರುಗಿ ಹೋಗುತ್ತಾರೆ. ನಾವು ಬೆಳಗಿನಿಂದಲೇ ಸಮುದ್ರದ ನೀರು ತಂದು ನೆಲ ಉಜ್ಜಿದ್ದೆವು, ಮಂಚಗಳನ್ನು ಒರೆಸಿದ್ದೆವು, ಇದ್ದದ್ದರಲ್ಲಿ ಒಳ್ಳೆಯ ಬಟ್ಟೆ ಹಾಕಿದ್ದೆವು.

ಆದರೂ ಮೇಷ್ಟ್ರ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅವರು ಬಂದು ಹೋಗುವವರೆಗೆ ಬಾಗಿಲಿಗೆ ಕಂಬಳಿ ಕಟ್ಟೋಣವಾ ಎಂದು ಲಾಯ್‌ಳನ್ನು ಕೇಳಿದೆ.

"ತಿಥಿ ದಿನ ಬಾಗಿಲು ಮುಚ್ಚೋದುಂಟಾ ಅತ್ತೆ? ಯಾರು ಬಂದ್ರೂ ಬರಲಿ. ಸೆನ್ ದಿನ ಅದು," ಎಂದಳು.

ಎಡೆಯ ತಟ್ಟೆಯನ್ನು ನೆಲದ ಚಾಪೆಯ ಮೇಲೆ ಇಟ್ಟಳು. ಕೋಳಿಯ ಚೂರುಗಳನ್ನು ಚೆಂದವಾಗಿ ಜೋಡಿಸಿದ್ದರಿಂದ ಇಡೀ ಕೋಳಿಯ ಹಾಗೆಯೇ ಕಾಣುತ್ತಿತ್ತು. ಪಕ್ಕದಲ್ಲಿ ಕಿತ್ತಳೆಯ ರಾಶಿ. ಊದಿನಕಡ್ಡಿ ಹಚ್ಚಲು ಅಪ್ಪಣೆಯಿರಲಿಲ್ಲ, ಹಚ್ಚದೆಯೇ ಮರಳಿನ ಡಬ್ಬಿಗೆ ಸಿಕ್ಕಿಸಿದಳು. ತನ್ನ ಮೊಣಕಾಲಿನ ಪಕ್ಕದಲ್ಲಿ ಸೆನ್‌ಳ ಸಣ್ಣ ಬಟ್ಟಲು ಇಟ್ಟಳು, ಮೀನಿನ ಚಿತ್ರದ್ದು. ಅದರಲ್ಲಿ ಅನ್ನವನ್ನು ಗೋಪುರವಾಗಿ ಒತ್ತಿ, ಮೇಲೆ ಊಟದ ಗಾಡಿಯಲ್ಲಿ ಬಂದ ಬೇಯಿಸಿದ ಮೊಟ್ಟೆ ಕೂರಿಸಿ, ಊಟದ ಕಡ್ಡಿಗಳೆರಡನ್ನು ನೆಟ್ಟಗೆ ಚುಚ್ಚಿದಳು. ಬದುಕಿರುವವರ ಅನ್ನಕ್ಕೆ ನಮ್ಮಲ್ಲಿ ಯಾರೂ ಕಡ್ಡಿಯನ್ನು ಹಾಗೆ ನಿಲ್ಲಿಸುವುದಿಲ್ಲ. ಮಕ್ಕಳು ಆಟಕ್ಕೆ ಹಾಗೆ ಮಾಡಿದರೂ ಕೈಮೇಲೆ ಏಟು ಬೀಳುತ್ತದೆ.

ಸಾಹೇಬರು ಬಂದರು. ಎತ್ತರದ ಆಳು, ಉದ್ದ ಮೂಗು, ನಮ್ಮ ಗುಡಾರದ ತುಂಟರು ಆಗಲೇ ಮೂಗಪ್ಪ ಎಂದು ಹೆಸರಿಟ್ಟಿದ್ದರು. ಹಿಂದೆ ನಾಲ್ಕಾರು ಜನ, ಒಬ್ಬ ಫೋಟೋದವನು, ಪಕ್ಕದಲ್ಲಿ ಮೇಷ್ಟ್ರು. ಬಾಗಿಲಲ್ಲಿ ಬಗ್ಗಿ ಒಳಗೆ ಬಂದವರು ತಟ್ಟೆ ನೋಡಿ ನಿಂತರು. ತಿಥಿಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೇ. ಲಾಯ್ ಎದ್ದು ನಿಂತು, ಕೂರಿ ಎಂದಳು. ಅವರು ಚಾಪೆಯ ಮೇಲೆ ಕಷ್ಟಪಟ್ಟು ಕಾಲು ಮಡಚಿ ಕೂತರು. ಅವಳೂ ಮೊದಲಿನ ಜಾಗದಲ್ಲೇ ಕೂತು, ಕೋಳಿಯ ಒಳ್ಳೆಯ ತುಂಡನ್ನು ಆರಿಸಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಬಡಿಸುವಾಗ ನಗಬೇಕು, ಅದಕ್ಕೇ ನಕ್ಕಳು. ಫೋಟೋದವನು ಆಗಲೇ ಕ್ಲಿಕ್ಕಿಸಿದ.

ಅವರು ತಿನ್ನುತ್ತಾ ಏನು ವಿಶೇಷ ಎಂದು ಕೇಳಿದರು. ಮೇಷ್ಟ್ರು ಲಾಯ್ ಮುಖ ನೋಡಿದರು. ಲಾಯ್ ಎಲ್ಲವನ್ನೂ ಹೇಳಿದಳು. ಅಷ್ಟು ಉದ್ದಕ್ಕೆ ಅವಳು ಮಾತಾಡಿದ್ದನ್ನು ಅದೇ ಮೊದಲು, ಅದೇ ಕೊನೆ ನಾನು ಕೇಳಿದ್ದು. ದೋಣಿಯಲ್ಲಿ ಮಗು ಹೇಗೆ ತಿನ್ನುತ್ತಿತ್ತು, ನೀರು, ಭೇದಿ, ಗೇಟಿನ ಕಂಬಿ ಎಷ್ಟು ಕಾದಿತ್ತು, ಹಿಂದಿನಿಂದ ಎಣಿಸುವ ಸದ್ದು ಹೇಗೆ ಕೇಳುತ್ತಿತ್ತು, ಎಲ್ಲ. ಮೇಷ್ಟ್ರು ತುಂಡು ತುಂಡಾಗಿ ಇಂಗ್ಲಿಷಿಗೆ ದಾಟಿಸಿದರು. ಸಾಹೇಬರ ದವಡೆ ನಿಂತಿತು. ಕೈಯಲ್ಲಿದ್ದ ಮೂಳೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿಡಿದೇ ಇದ್ದರು. ಆಮೇಲೆ ಮಗುವಿನ ಹೆಸರು ಕೇಳಿದರು. ಸರಿಯಾಗಿ ಬರಲಿಲ್ಲ ಎಂದು ಇನ್ನೊಮ್ಮೆ ಕೇಳಿ ಸರಿಮಾಡಿಕೊಂಡರು.

"ತನಗೂ ಮಗಳಿದ್ದಾಳೆ ಅಂತಿದ್ದಾರೆ," ಎಂದರು ಮೇಷ್ಟ್ರು. "ಇದನ್ನ ಬರೀತೀನಿ, ಖಂಡಿತ ಬರೀತೀನಿ, ಆಕೆಗೆ ಹೇಳು ಅಂತಿದ್ದಾರೆ ಕಣಮ್ಮ."

ಸಾಹೇಬರು ಹೋದ ಮೇಲೆ ಲಾಯ್ ಇನ್ನೊಂದು ತುಂಡನ್ನು ಮೇಷ್ಟ್ರಿಗೂ ಬಡಿಸಿದಳು. ಉಳಿದದ್ದನ್ನು ಮಕ್ಕಳಿಗೆ ಹಂಚಿದೆವು. ಅರ್ಧ ಸುಲಿದ ಕಿತ್ತಳೆಯವನಿಗೆ ಅವನ ಕಿತ್ತಳೆಯೇ ವಾಪಸು ಸಿಕ್ಕಿತು. ಲಾಯ್ ಅವತ್ತು ಅನ್ನವನ್ನು ಎರಡನೇ ಸಲ ಹಾಕಿಸಿಕೊಂಡು ತಿಂದಳು. ಕೆಟ್ಟ ಬಾಯಿಯ ನಾನೂ ಮೂಗಪ್ಪನನ್ನು ಒಳ್ಳೆಯ ಮನುಷ್ಯ ಎಂದೆ.

ಉತ್ತರ ಬರಲು ಕೆಲವು ವಾರಗಳಾದವು. ಸಂಜೆ ಅನ್ನದ ಗಾಡಿಯ ಹಿಂದೆಯೇ ಮೇಷ್ಟ್ರ ದನಿ ಬಂತು. ಲಾಯ್ ತಟ್ಟೆ ಕೆಳಗಿಟ್ಟು ಗುಡಾರದ ಹೊರಗೆ ಹೋಗಿ ನಿಂತಳು.

'ದಯವಿಟ್ಟು ಗಮನಿಸಿ. ಇತ್ತೀಚೆಗೆ ಪತ್ರಿಕೆಗಳಲ್ಲಿ ಪ್ರಕಟವಾದ ಟೀಕೆಗಳ ಹಿನ್ನೆಲೆಯಲ್ಲಿ ಪರಿಶೀಲನಾ ತಂಡವು ಕ್ಯಾಂಪಿಗೆ ಭೇಟಿ ನೀಡಿತು. ವಸತಿಗಳು ಅತ್ಯಂತ ಶುಚಿಯಾಗಿವೆ. ನಿವಾಸಿಗಳಿಗೆ ಕೋಳಿಮಾಂಸ ಹಾಗೂ ತಾಜಾ ಹಣ್ಣುಗಳು ಧಾರಾಳವಾಗಿ ದೊರೆಯುತ್ತಿರುವುದನ್ನು ತಂಡವು ಕಣ್ಣಾರೆ ಕಂಡಿದೆ. ಒಂದು ಕುಟುಂಬವು ತನ್ನ ಸಂತೋಷಕೂಟಕ್ಕೆ ತಂಡವನ್ನು ಆಹ್ವಾನಿಸಿ ನಗುಮುಖದಿಂದ ಸತ್ಕರಿಸಿತು. ಕಳೆದ ವರ್ಷದ ಮಗುವಿನ ಸಾವಿನ ಕುರಿತು ಹೊಸ ಸಂಗತಿ ಯಾವುದೂ ತಂಡದ ಗಮನಕ್ಕೆ ಬಂದಿಲ್ಲ.'

ಮೇಷ್ಟ್ರು ಎಲ್ಲಿಯೂ ತಡವರಿಸಲಿಲ್ಲ. ಅದಾದ ಮೇಲೆ ನಾಳೆಯ ನೀರಿನ ದೋಣಿ ತಡವಾಗುತ್ತದೆ ಎಂದೂ ಓದಿದರು.

ಲಾಯ್ ನೇರವಾಗಿ ಆಫೀಸಿನ ಕೋಣೆಗೆ ನಡೆದಳು. ನಾನೂ ಹಿಂದೆಯೇ ಹೋದೆ, ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೇಷ್ಟ್ರು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಅವಳು ಕೂಗಾಡಲಿಲ್ಲ.

"ಮೇಷ್ಟ್ರೇ, ತಿಥಿ ಅಂತ ಅವರಿಗೆ ಹೇಳಿದ್ರಿ ಅಲ್ವಾ?"

"ಹೇಳಿದೆ ಕಣಮ್ಮ. ನೀನು ಹೇಳಿದ್ದನ್ನ ಒಂದೂ ಬಿಡದೆ ಹೇಳಿದೆ. ನೀನೇ ನೋಡಿದೆಯಲ್ಲ, ಹೆಸರು ಎರಡೆರಡು ಸಲ ಕೇಳಿದ್ರು."

"ಹಂಗಾದ್ರೆ ಅವರಿಗೆ ಗೊತ್ತಿತ್ತು."

"ಗೊತ್ತಿತ್ತು."

"ನಿಮಗೂ ಗೊತ್ತಿತ್ತು. ಮತ್ತೆ ಯಾಕೆ ಓದಿದ್ರಿ?"

ಮೇಷ್ಟ್ರು ಬೀಗವನ್ನೇ ನೋಡುತ್ತಿದ್ದರು. ತಾನು ಓದದಿದ್ದರೆ ಇನ್ನೊಬ್ಬ ಓದುತ್ತಾನೆ, ತನ್ನ ವಿಚಾರಣೆ ಮುಂದಿನ ತಿಂಗಳು ಇದೆ, ತನಗೂ ಇಬ್ಬರು ಮಕ್ಕಳಿದ್ದಾರೆ ಎಂದು ಏನೇನೋ ಹೇಳಿದರು. ಅದರಲ್ಲಿ ಒಂದೂ ಸುಳ್ಳಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು.

"ಮಗುವಿನ ಎಡೆ ತಿಂದ ಬಾಯಿ ಮೇಷ್ಟ್ರೇ ಅದು," ಎಂದೆ. "ಕೋಳಿ ಚೂರು ಇನ್ನೂ ಹಲ್ಲಲ್ಲೇ ಸಿಕ್ಕೊಂಡಿರಬೇಕು. ಓದುವಾಗ ಅಡ್ಡ ಬರಲಿಲ್ವಾ?"

ಲಾಯ್ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು. ದಾರಿಯಲ್ಲಿ ಅವಳಿಗೆ ಹೊಳೆದದ್ದು ಬೇರೆ. ತ್ವಾನ್ ಇದನ್ನೂ ರೇಡಿಯೊದಲ್ಲಿ ಕೇಳುತ್ತಾನೆ. ಅದೇ ದಿನ ಅವನೂ ಮನೆಯಲ್ಲಿ ಮಗಳಿಗೆ ಎಡೆ ಇಟ್ಟಿರುತ್ತಾನೆ. ಅದೇ ದಿನ ಹೆಂಡತಿ ಸಂತೋಷಕೂಟ ಮಾಡಿ, ನಗುತ್ತಾ ಕೋಳಿ ಬಡಿಸುತ್ತಿದ್ದಳು ಎಂದು ಕೇಳುತ್ತಾನೆ. ಅವಳು ಗುಡಾರದ ಹೊರಗೇ ಕುಸಿದು ಕೂತು ಅತ್ತಳು. ಮಗಳು ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಆವತ್ತು ಅತ್ತದ್ದು ಸಂಕಟಕ್ಕೆ, ಈವತ್ತು ಅತ್ತದ್ದು ಮೋಸಕ್ಕೆ.

ಕೆಲವು ದಿನಗಳ ಮೇಲೆ ನರ್ಸಮ್ಮ ಬಂದು, ಆ ಫೋಟೋ ದೊಡ್ಡ ಪತ್ರಿಕೆಗಳಲ್ಲೆಲ್ಲ ಬಂದಿದೆ ಎಂದಳು. ಕ್ಯಾಂಪಿನೊಳಗೆ ಪತ್ರಿಕೆ ಬಿಡುತ್ತಿರಲಿಲ್ಲ, ನಾವು ನೋಡಲಿಲ್ಲ. ಅದನ್ನು ಕೇಳಿದ ಲಾಯ್ ಕಣ್ಣು ಒರೆಸಿಕೊಂಡಳು.

"ಒಳ್ಳೇದಾಯ್ತು ಅತ್ತೆ," ಎಂದಳು. "ಫೋಟೋ ತೆಗೆದಾಗ ಬಟ್ಟಲು ನನ್ನ ಮೊಣಕಾಲ ಹತ್ರಾನೇ ಇತ್ತು. ಕಡ್ಡಿ ಚುಚ್ಚಿದ್ದು, ಮೊಟ್ಟೆ ಇಟ್ಟಿದ್ದು. ಸೆನ್ ಅಪ್ಪನ ಕಣ್ಣಿಗೆ ಬೀಳದೆ ಇರುತ್ತಾ?"

ನಿಜವೇ. ಬರೆದದ್ದನ್ನು ಹೇಗೆ ಬೇಕಾದರೂ ತಿರುಚಬಹುದು, ಆ ಬಟ್ಟಲನ್ನು ತಿರುಚಲಾಗುವುದಿಲ್ಲ. ನಮ್ಮ ಪೈಕಿ ಯಾರೇ ನೋಡಿದರೂ ಅದು ಸಂತೋಷಕೂಟವಲ್ಲ ಎಂದು ತಕ್ಷಣ ತಿಳಿಯುತ್ತದೆ. ಇಡೀ ವರ್ಷ ಅವಳು ಆ ಬಟ್ಟಲನ್ನೇ ನಂಬಿಕೊಂಡು ಬದುಕಿದಳು.

ಎರಡನೇ ತಿಥಿಯ ಹೊತ್ತಿಗೆ ಟೀಕೆ ಮತ್ತೆ ಎದ್ದಿತ್ತು. ಈ ಸಲ ಆಫೀಸಿನವರೇ ಮೇಷ್ಟ್ರ ಕೈಲಿ ಹೇಳಿ ಕಳಿಸಿದರು. ದೂರದಿಂದ ಇನ್ನೂ ದೊಡ್ಡವರು ಬರುತ್ತಿದ್ದಾರೆ, ಹೋದ ವರ್ಷದ ಹಾಗೆಯೇ ತಟ್ಟೆ ಇಡಲಿ, ಕೋಳಿಯನ್ನು ಅಡುಗೆ ಕೋಣೆಯಿಂದ ಕಳಿಸುತ್ತೇವೆ ಎಂದರು. ಕಳಿಸಿಯೂ ಬಿಟ್ಟರು, ಇಡೀ ಕೋಳಿ. ಲಾಯ್ ಅದನ್ನು ಮುಟ್ಟಲಿಲ್ಲ, ಬಾಗಿಲಾಚೆಯೇ ಇಡಿಸಿದಳು. ಮೊದಲಿನಂತೆ ನಮ್ಮ ನಮ್ಮ ಚೂರುಗಳಿಂದಲೇ ಎಡೆ ಸಿದ್ಧವಾಯಿತು. ಆಮೇಲೆ ಅವಳು ಮಂಚದ ಕಂಬಳಿಯನ್ನು ಎಳೆದು ತಂದು, ಬಾಗಿಲಿಗೆ ಅಡ್ಡಲಾಗಿ ತಾನೇ ಕಟ್ಟಿದಳು. ತಿಥಿಯ ದಿನ ಬಾಗಿಲು ಮುಚ್ಚಿದ ಮನೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಯಾರೂ ಅವಳನ್ನು ತಡೆಯಲಿಲ್ಲ.

ಹೊರಗೆ ಬೂಟುಗಳ ಸದ್ದಾಯಿತು. ಕಂಬಳಿಯ ಕೆಳಗೆ ಮೇಷ್ಟ್ರ ಚಪ್ಪಲಿ ಕಂಡಿತು. ದೊಡ್ಡವರು ಬಂದಿದ್ದಾರೆ, ಕಂಬಳಿ ಸರಿಸಮ್ಮ ಎಂದರು.

"ಮನೇಲಿ ಯಾರೂ ಇಲ್ಲ ಅನ್ನಿ," ಎಂದಳು ಲಾಯ್ ಒಳಗಿನಿಂದ. "ಸುಳ್ಳು ಹೇಳೋದು ನಿಮಗೆ ಅಭ್ಯಾಸ ಇದೆಯಲ್ಲ."

ಒಳಗೆ ಗುಡಾರದ ಅಷ್ಟೂ ಜನ ಎಡೆಯ ಸುತ್ತ ಕೂತಿದ್ದೆವು. ಹೊರಗೆ ಇಂಗ್ಲಿಷಿನಲ್ಲಿ ಏನೋ ಮಾತಾಯಿತು, ಬೂಟುಗಳು ಮುಂದೆ ಹೋದವು. ಕೆಲವು ವಾರಗಳ ಮೇಲೆ ಬಂದ ಉತ್ತರದಲ್ಲಿ, ವಸತಿಗಳ ಬಾಗಿಲಿಗೆ ಪರದೆ ಒದಗಿಸಲಾಗಿದ್ದು ಕುಟುಂಬಗಳಿಗೆ ಈಗ ಏಕಾಂತದ ಸೌಲಭ್ಯವೂ ಇದೆ ಎಂದಿತ್ತು. ಗುಡಾರದಲ್ಲಿ ಕೆಲವರು ಬಿದ್ದು ಬಿದ್ದು ನಕ್ಕರು. ಸೆನ್‌ಳ ವಿಷಯ ಅದರಲ್ಲಿ ಇರಲೇ ಇಲ್ಲ.

ಆ ವರ್ಷವೇ ನಾನು ಊರಿಗೆ ಮರಳುತ್ತೇನೆ ಎಂದು ಹೆಬ್ಬೆಟ್ಟು ಒತ್ತಿದೆ. ವಿಚಾರಣೆಯಲ್ಲಿ ನನ್ನನ್ನು ಆಗಲೇ ತಿರಸ್ಕರಿಸಿದ್ದರು, ವಯಸ್ಸೂ ಆಗಿತ್ತು, ಸಾಯುವುದಾದರೆ ನನ್ನ ಧಕ್ಕೆಯ ವಾಸನೆಯಲ್ಲೇ ಸಾಯೋಣ ಎನಿಸಿತು. ಹೊರಡುವ ದಿನ ಲಾಯ್ ಗೇಟಿನವರೆಗೆ ಬಂದಳು, ಅದೇ ಗೇಟು. ಅಳಲಿಲ್ಲ. ತ್ವಾನ್ ಮನೆಗೆ ಹೋಗಿ ಎಂದಳು. ಏನೂ ವಾದ ಮಾಡಬೇಡಿ, ನನ್ನ ಪರವಾಗಿ ಬೇಡಿಕೊಳ್ಳಬೇಡಿ, ಅವನು ಫೋಟೋ ನೋಡಿರದಿದ್ದರೆ ಹುಡುಕಿಸಿ ತೋರಿಸಿ, ಬಟ್ಟಲನ್ನು ಮಾತ್ರ ನೋಡಲು ಹೇಳಿ ಎಂದಳು.

ಊರಿಗೆ ಬಂದು ಗಂಟು ಇಳಿಸಿದ ಮರುದಿನವೇ ಹೋದೆ. ತ್ವಾನ್ ಸೊರಗಿದ್ದ. ಅವನ ತಾಯಿ ತೀರಿಕೊಂಡಿದ್ದಳು. ಗೋಡೆಯ ಮೇಲಿನ ಪೂಜೆಯ ಹಲಗೆಯಲ್ಲಿ ಅವಳ ಫೋಟೋ, ಪಕ್ಕದಲ್ಲಿ ಸೆನ್‌ಳದು, ದೋಣಿ ಹತ್ತುವ ಮೊದಲು ತೆಗೆಸಿದ್ದು, ಕೆನ್ನೆ ತುಂಬಿಕೊಂಡ ಮಗು. ಅವನು ನನಗೆ ಟೀ ಬಗ್ಗಿಸಿ ಎದುರು ಕೂತ. ನಾನು ಲಾಯ್ ಹೇಳಿದ್ದನ್ನು ಮೀರಿ ಎಲ್ಲವನ್ನೂ ಹೇಳಿದೆ. ಒಣ ಸ್ಕ್ವಿಡ್, ಡ್ರಮ್ಮು, ಎಣಿಕೆ, ಗೇಟು. ಅವನು ನಡುವೆ ಬಾಯಿ ಹಾಕದೆ, ಮರ್ಯಾದೆಯಿಂದಲೇ ಕೇಳಿಸಿಕೊಂಡ.

"ಅತ್ತೆ, ನೀವು ಅವಳ ಜೊತೆ ಒಂದೇ ಮಂಚದಲ್ಲಿ ಇದ್ದವರು," ಎಂದ. "ಅವಳ ಪರ ಮಾತಾಡ್ತೀರಿ, ತಪ್ಪಲ್ಲ. ಆದ್ರೆ ಅವರಿಗೆ ಸುಳ್ಳು ಹೇಳೋ ಅಗತ್ಯ ಏನಿದೆ ಹೇಳಿ. ಮಗಳ ತಿಥಿ ದಿನ ನಗ್ತಾ ಇದ್ದಳು ಅತ್ತೆ. ನಾನೇ ಫೋಟೋ ನೋಡಿದೀನಿ, ಕೆಳಗೆ ತಾರೀಖೂ ಇತ್ತು."

ನೋಡಿದ್ದಾನೆ. ಹಾಗಾದರೆ ಕೆಲಸ ಸುಲಭವಾಯಿತು ಎಂದುಕೊಂಡೆ. ಎಲ್ಲಿದೆ ತಾ, ಅದರಲ್ಲಿರುವ ಬಟ್ಟಲನ್ನು ನೋಡು ಎಂದೆ. ಹಡಗಿನ ಕೆಲಸದ ಗೆಳೆಯನೊಬ್ಬ ಕತ್ತರಿಸಿ ತಂದುಕೊಟ್ಟಿದ್ದನಂತೆ. ತ್ವಾನ್ ಅದನ್ನು ಬೀರುವಿನೊಳಗಿಂದ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ನನ್ನ ಮುಂದೆ ಹರಡಿದ.

ಲಾಯ್ ಇದ್ದಳು, ಎರಡೂ ಕೈಯಲ್ಲಿ ಕೋಳಿ ಹಿಡಿದು, ನಗುತ್ತಾ. ಕಿತ್ತಳೆಯ ರಾಶಿ ಇತ್ತು. ಮೂಗಪ್ಪನ ಮೂಗಿತ್ತು. ಅವಳ ಮೊಣಕಾಲು ಅರ್ಧ ಇತ್ತು, ಅಲ್ಲಿಗೆ ಫೋಟೋದ ಅಂಚು ಬಂದಿತ್ತು. ಗೆಳೆಯನ ಕತ್ತರಿಯ ಕೆಲಸವೋ ಎಂದು ನೋಡಿದೆ. ಅಲ್ಲ. ಅಂಚಿನಾಚೆ ಪತ್ರಿಕೆಯ ಬಿಳಿ ಕಾಗದ ಇನ್ನೂ ಉಳಿದಿತ್ತು. ಅಚ್ಚು ಹಾಕುವ ಮೊದಲೇ ಅಲ್ಲಿಗೆ ಕತ್ತರಿಸಿದ್ದರು.

"ಬಟ್ಟಲು ನೋಡು ಅಂದ್ರಲ್ಲ," ಎಂದ ತ್ವಾನ್. "ಯಾವ ಬಟ್ಟಲು? ಎಲ್ಲಿದೆ ಅತ್ತೆ?"

ನಾನು ಫೋಟೋದ ಅಂಚು ದಾಟಿ, ಬಿಳಿ ಕಾಗದವನ್ನೂ ದಾಟಿ, ಬರಿಯ ಮೇಜಿನ ಮೇಲೆ ಬೆರಳಿಟ್ಟೆ.

"ಇಲ್ಲಿತ್ತು," ಎಂದೆ.